ಗಾರ್ಡಮ್ಮನ ಸಹಿ

ಸಿಂದಗಿ
14 ಡಿಸೆಂಬರ್ 2024

ಪ್ರೀತಿಯ ಶಕೀಲಕ್ಕನಿಗೆ,

ನಿಮ್ಮ ಪ್ರಿಯದರ್ಶಿನಿಯ ನಮಸ್ಕಾರ. ದೀಪಾವಳಿಗೂ ಮೊದಲು ಬಂದ ನಿಮ್ಮ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡಿ. ಮೂರು ಸಲ ಬರೆಯಲು ಕೂತು ಎದ್ದಿದ್ದೇನೆ. ನೀವು ಗುಡ್ಡ ಹತ್ತಿ, ಸಿಗ್ನಲ್ ಹುಡುಕಿ ಫೋನ್ ಮಾಡಿದಾಗಲೂ ನಾನು ಬರೀ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ.

ನಾನು ತಕ್ಕಮಟ್ಟಿಗೆ ಇದ್ದೇನೆ. ಕೆಮ್ಮು ಪೂರ್ತಿ ಹೋಗಿಲ್ಲ. ರಜೆ ಮುಗಿದ ಮೇಲೆ ಯಾವ ಕಾಡಿಗೆ ಹಾಕುತ್ತಾರೋ ಗೊತ್ತಿಲ್ಲ. ಇಲ್ಲಿ ಈಗ ತೊಗರಿ ಕೊಯ್ಲು, ಕಬ್ಬು ಕಡಿಯುವವರ ಗದ್ದಲ. ಕಡಿದ ಹೊಲದಲ್ಲಿ ಉಳಿಯುವ ಒಣ ಗರಿಗೆ ನಮ್ಮ ಕಡೆ ರವದಿ ಅನ್ನುತ್ತಾರೆ, ಅದನ್ನು ಸುಡುತ್ತಾರೆ. ಹೋದ ವಾರ ಪಕ್ಕದ ಹೊಲದ ಮಲ್ಲಣ್ಣ ಕಾಕಾ ಬೆಂಕಿ ಹಚ್ಚಿದಾಗ ನಾನು ಬೇವಿನ ಟೊಂಗೆ ಮುರಿದುಕೊಂಡು ಓಡಿಹೋಗಿ ಬಡಿಯತೊಡಗಿದೆನಂತೆ. ನನಗೆ ಸರಿಯಾಗಿ ನೆನಪಿಲ್ಲ. "ಯವ್ವಾ, ಇದು ರವದಿ ಐತಿ. ನಿಮ್ಮ ಅಡವಿ ಅಲ್ಲ. ಅರ್ಧ ತಾಸಿನ್ಯಾಗ ತಾನ ಆರತೈತಿ" ಎಂದು ಕಾಕಾ ಟೊಂಗೆ ಕಿತ್ತುಕೊಂಡರು. ಅವ್ವ ಕೈ ಹಿಡಿದು ಮನೆಗೆ ಕರೆತಂದಳು.

"ಅಲ್ಲಿ ಏನಾಗೇತಿ ಹೇಳ. ಹೇಳದಿದ್ರ ನನಗ ಹ್ಯಾಂಗ ತಿಳೀಬೇಕು?" ಅಂದಳು. ನಾನು ಬಚ್ಚಲಿಗೆ ಹೋಗಿ ಕೈಯ ಮಸಿ ತೊಳೆದುಕೊಂಡೆ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಮಳೆಗಾಲದಲ್ಲಿ ಸುಟ್ಟ ಗುಡ್ಡದ ಬೂದಿಯೆಲ್ಲ ಇಳಿದು ಝರಿ ಕಪ್ಪಾಯಿತು, ಮಕ್ಕಳಿಗೆ ವಾಂತಿಭೇದಿ ಹತ್ತಿತು ಎಂದು ಬರೆದಿದ್ದೀರಿ. ರಾಮಪತ್ರೆ ಮರಗಳು ನಿಂತಲ್ಲೇ ಸತ್ತಿವೆಯಂತೆ. ಹನ್ನೊಂದು ಮನೆಗಳಲ್ಲಿ ಏಳಕ್ಕೆ ಬೀಗ ಬಿದ್ದು ಜನ ಗೋವಾಕ್ಕೆ ಕೂಲಿಗೆ ಹೋದರಂತೆ. ಪೊಟರೆಯ ಬಾಯಿ ಮುಚ್ಚಿಕೊಂಡು ಮೊಟ್ಟೆಗೆ ಕೂತಿದ್ದ ಹೆಣ್ಣು ಮಂಗಟ್ಟೆ ಹಕ್ಕಿ ಒಳಗೇ ಬೆಂದುಹೋಯಿತು, ಗಂಡು ಎರಡು ದಿನ ಕೊಕ್ಕಿನಲ್ಲಿ ಹಣ್ಣು ಹಿಡಿದು ಪಕ್ಕದ ಮರದಲ್ಲಿ ಕೂತಿತ್ತು ಎಂದಿದ್ದೀರಿ. ಆ ಸಾಲನ್ನು ಮಾತ್ರ ಎರಡನೇ ಸಲ ಓದಲಾಗಲಿಲ್ಲ.

ನಿಮ್ಮ ಹಿತ್ತಲ ಕೋಣೆಯಲ್ಲಿ ಮೂರು ವರ್ಷ ಇದ್ದೆ. ಕಾಡು ಕಾಯುವ ಕೆಲಸ ನನ್ನದು. ಕಾಡು ಗೊತ್ತಿದ್ದವರು ನಿಮ್ಮ ಯಜಮಾನರು, ಇಸಾಕಣ್ಣ. ಬಯಲುಸೀಮೆಯ ನನಗೆ ಒಂದೊಂದೇ ಮರದ ಹೆಸರು ಕಲಿಸಿದರು. "ಈ ಕಾಡು ಯಾವಾಗಲೂ ಒದ್ದೆ ಗಾರ್ಡಮ್ಮ. ಬೆಂಕಿ ಬಂದರೆ ಹೇಗೆ ತಡ್ಕೋಬೇಕು ಅಂತ ಇಲ್ಲಿನ ಮರಕ್ಕೆ ಗೊತ್ತೇ ಇಲ್ಲ" ಎನ್ನುತ್ತಿದ್ದರು.

ಮಾರ್ಚ್‌ನ ಆ ಮಧ್ಯಾಹ್ನ ರಸ್ತೆ ಬದಿಯ ಹುಲ್ಲಿನಿಂದ ಬೆಂಕಿ ಒಳಗೆ ನುಗ್ಗಿದಾಗ ನಾವಿದ್ದದ್ದು ನಾಲ್ಕೇ ಜನ, ಕೈಯಲ್ಲಿ ಸೊಪ್ಪಿನ ಟೊಂಗೆ. ಆರಿಸಿದೆವು ಎಂದು ತಿರುಗಿದರೆ ತರಗೆಲೆಯ ಅಡಿಯಲ್ಲೇ ಹರಿದು ಬೆನ್ನ ಹಿಂದೆ ಏಳುತ್ತಿತ್ತು. ಯಾರೂ ಕರೆಯದೆ ಇಸಾಕಣ್ಣ ಬಂದರು. ಹೊಗೆ ಕುಡಿದು ಬಿದ್ದ ನನ್ನ ಮೇಲೆ ಉರಿಯುವ ಕೊಂಬೆಯಿತ್ತು. ಅದನ್ನು ಬರಿಗೈಯಲ್ಲಿ ಎತ್ತಿ ಒಗೆದು, ನನ್ನನ್ನು ಹೊಳೆಯವರೆಗೆ ಎಳೆದು ತಂದರು. ಅವರ ಎರಡೂ ಕೈ ಬೆಂದದ್ದು ಆಗ.

ನಾಲ್ಕನೇ ದಿನ ನಮ್ಮ ರೇಂಜರ್ ಸಾಹೇಬರು ನಾನಿದ್ದ ಆಸ್ಪತ್ರೆಗೆ ಪಂಚನಾಮೆ ತಂದರು. ಜೇನು ಕೀಳಲು ಹೋದ ಇಸಾಕನ ದೊಂದಿಯಿಂದ ಬೆಂಕಿ ಹತ್ತಿತು, ಸುಟ್ಟ ಕೈಗಳೇ ಸಾಕ್ಷಿ ಎಂದು ಅದರಲ್ಲಿ ಬರೆದಿತ್ತು.

"ಸರ್, ಆ ಕೈ ನನ್ನ ಉಳಸಾಕ ಹೋಗಿ ಸುಟ್ಟಾವ್ರಿ" ಅಂದೆ.

"ಬರೆದಾಗಿದೆಯಮ್ಮ. ಅವನಲ್ಲದಿದ್ದರೆ ಮತ್ತ್ಯಾರು ಅಂತ ಮೇಲಿನವರು ಕೇಳ್ತಾರೆ. ಆಗ ನೀನು ಏನು ಹೇಳ್ತಿ?" ಅಂದರು.

ಎಚ್ಚರವಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ಪೂರ್ತಿ ಓದಿದೆ. ಸಹಿ ಮಾಡಿದೆ.

ಇಪ್ಪತ್ತು ದಿನ ಜೈಲು. ಆಮೇಲೆ ಕಾಡಿಗೆ ಕಾಲಿಡಬಾರದು ಎಂಬ ಷರತ್ತಿನ ಜಾಮೀನು. ಕಾಡನ್ನು ಬಿಟ್ಟು ಅವರಿಗೆ ಬೇರೇನು ಗೊತ್ತಿದೆ ಅಕ್ಕಾ? ಈಗ ಬಂದರಿನಲ್ಲಿ ಮೀನಿಗೆ ಐಸ್ ತುಂಬುತ್ತಾರೆ, ಕೈಯ ಹೊಸ ಚರ್ಮ ಒಡೆದು ರಕ್ತ ಬರುತ್ತದೆ ಎಂದು ಬರೆದಿದ್ದೀರಿ. ಕೊನೆಗೆ "ನೀನೇ ಹೇಳು ಗಾರ್ಡಮ್ಮ, ನಮ್ಮಿಂದ ಏನು ತಪ್ಪಾಯಿತು?" ಎಂದು ಕೇಳಿದ್ದೀರಿ.

ಜನವರಿ 21ಕ್ಕೆ ಸಾಕ್ಷಿ ಹೇಳಬೇಕೆಂದು ನನಗೆ ಸಮನ್ಸ್ ಬಂದಿದೆ. ಇಲ್ಲಿನ ವಕೀಲೆ ವಿದ್ಯಾವತಿಯವರ ಹತ್ತಿರ ಹೋಗಿದ್ದೆ. "ಖರೇ ಹೇಳಿದ್ರ ಸುಳ್ಳಿಗೆ ಸಹಿ ಮಾಡಿದಾಕಿ ನೀನ ಆಗ್ತಿ. ನೌಕರಿ ಹೋಗತೈತಿ, ಕೇಸು ನಿನ್ನ ಮ್ಯಾಲ ಬರತೈತಿ. ಅಷ್ಟಾದರೂ ಅಂವ ಬಿಡುಗಡಿ ಆಗ್ತಾನಂತ ಖಾತ್ರಿ ಇಲ್ಲ" ಎಂದರು. ಮನೆಗೆ ಬಂದರೆ ಅಪ್ಪ ಬುದ್ಧನ ಪಟದ ಪಕ್ಕದಲ್ಲಿರುವ ನನ್ನ ಫೋಟೋದ ಧೂಳು ಒರೆಸುತ್ತಿದ್ದ. ಖಾಕಿ ಹಾಕಿ ನಿಂತ ಫೋಟೋ. ನಮ್ಮ ಓಣಿಯಲ್ಲಿ ಖಾಕಿ ಹಾಕಿದ ಮೊದಲ ಹುಡುಗಿ ನಾನು. ಅವನ ಎದುರು ನಿಲ್ಲಲಾಗದೆ ಹಿತ್ತಲಿಗೆ ಹೋಗಿ ಕೂತೆ.

ಮಕ್ಕಳಿಗೆ ನೀರು ಕಾಯಿಸಿಯೇ ಕುಡಿಸಿ. ಇಸಾಕಣ್ಣನ ಕೈಗೆ ಕೊಬ್ಬರಿ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ನಿಮ್ಮ ಝರಿ ಬೇಗ ತಿಳಿಯಾಗಲಿ, ಬೀಗ ಹಾಕಿದ ಮನೆಗಳವರು ಮರಳಿ ಬರಲಿ. ನಾನು ಕೇಳಿಕೊಳ್ಳುವುದು ಇಷ್ಟೇ.

ನಿಮ್ಮ
ಪ್ರಿಯದರ್ಶಿನಿ ಸಿದ್ರಾಮ

ತಾ.ಕ.: ಶಕೀಲಕ್ಕಾ, ಸಹಿಯೊಂದೇ ನನ್ನ ತಪ್ಪು ಎಂದು ತಿಳಿಯಬೇಡಿ. ಹೊರಗಿನ ಬೆಂಕಿ ಕಾಡಿಗೆ ದಾಟದಿರಲೆಂದು ರಸ್ತೆ ಬದಿಯ ಹುಲ್ಲನ್ನು ನಾವೇ ಮೊದಲು ಸುಡುತ್ತೇವಲ್ಲ, ಫೆಬ್ರುವರಿಯಲ್ಲೇ ಮುಗಿಯಬೇಕಿದ್ದ ಆ ಕೆಲಸವನ್ನು ನಾನು ಆ ದಿನ ಬೆಳಿಗ್ಗೆ ಮಾಡಿದೆ. ಕಡ್ಡಿ ಗೀರಿದ್ದು ನಾನು. ಆರಿತೆಂದು ತಿಳಿದು ಊಟಕ್ಕೆ ಹೋದೆ. ಹೊಳೆಯ ದಂಡೆಯಲ್ಲಿ ಇಸಾಕಣ್ಣನಿಗೆ ಇದನ್ನು ಹೇಳಿಕೊಂಡು ಅತ್ತಿದ್ದೆ. ಅವರು ಪೊಲೀಸರಿಗೆ ಹೇಳಲಿಲ್ಲ. ನಿಮಗೂ ಹೇಳಿಲ್ಲ ಎಂದು ನಿಮ್ಮ ಕಾಗದ ನೋಡಿದ ಮೇಲೆ ತಿಳಿಯಿತು. ಜಡ್ಜರ ಮುಂದೆ ನಾನಾಗಿ ಬಾಯಿ ಬಿಡುತ್ತೇನೆಂದು ನನಗೇ ನಂಬಿಕೆಯಿಲ್ಲ. ಈ ಕಾಗದವನ್ನು ನಿಮ್ಮ ವಕೀಲರಿಗೆ ಕೊಡಿ. ಅದನ್ನು ಎತ್ತಿ ತೋರಿಸಿ ಅಕ್ಷರ ಯಾರದೆಂದು ಕೇಳಿದರೆ, ನನ್ನದಲ್ಲ ಅನ್ನುವುದಿಲ್ಲ.