ಪಾಸ್ಕಾ ರೊಟ್ಟಿಯ ಹೊಳಪು

ಏಪ್ರಿಲ್ 20, ಭಾನುವಾರ, ವಿನಿಪೆಗ್. ಈಸ್ಟರ್.

ತಪ್ಪು ನನ್ನದೇ. ಮೊಮ್ಮಗಳು ಡಾರ್ಕಾಗೆ ಮೊಟ್ಟೆ ಅಲರ್ಜಿಯೆಂದು ಈ ಸಲ ಹಬ್ಬದ ಪಾಸ್ಕಾ ರೊಟ್ಟಿಯ ಹಿಟ್ಟಿಗೆ ಒಂದು ಮೊಟ್ಟೆಯನ್ನೂ ಹಾಕಿರಲಿಲ್ಲ. ಆದರೆ ಬೇಯಿಸುವ ಮುಂಚೆ, ಹೊಳಪು ಬರಲೆಂದು ಮೇಲೆ ಮೊಟ್ಟೆ ಸವರಿಬಿಟ್ಟೆ. ನಲವತ್ತು ವರ್ಷದ ರೂಢಿ, ಕೈ ನನ್ನನ್ನು ಕೇಳಲೇ ಇಲ್ಲ.

ಎರಡು ತುತ್ತು ತಿಂದ ಮಗು, "ಅಜ್ಜಿ, ಗಂಟಲಲ್ಲಿ ಏನೋ ಚುಚ್ತಿದೆ" ಅಂದಳು. ತುಟಿ ಊದಿತು, ಕತ್ತಿನ ತುಂಬ ದದ್ದು ಎದ್ದಿತು, ಆಮೇಲೆ ಬಿಡದ ಕೆಮ್ಮು. ಅವಳಮ್ಮ, ನನ್ನ ಮಗಳು ಲೆಸ್ಯಾ, ಚರ್ಚಿನಿಂದ ಇನ್ನೂ ಬಂದಿರಲಿಲ್ಲ.

"ಮಾತ್ರೆ ಕೊಟ್ಟು ಸ್ವಲ್ಪ ಹೊತ್ತು ನೋಡೋಣ ಕಣೇ. ಸೂಜಿ ಅಂದ್ರೆ ಹೆದರ್ತಾಳೆ" ಅಂದರು ನನ್ನ ಯಜಮಾನರು.

"ಉಸಿರು ಕಟ್ಟೋವರೆಗೂ ನೋಡ್ತಾ ಕೂರ್ತೀರಾ? ಆಂಬುಲೆನ್ಸ್ ಕರೀರಿ!"

ಮಗುವನ್ನು ಮಲಗಿಸಿ, ಲಂಗದ ಮೇಲಿಂದಲೇ ತೊಡೆಗೆ, ಅಲರ್ಜಿ ಜೋರಾದರೆ ಚುಚ್ಚಲೆಂದು ಡಾಕ್ಟರು ಕೊಟ್ಟಿದ್ದ ಇಂಜೆಕ್ಷನ್ ಪೆನ್ನು ಒತ್ತಿ ಹಿಡಿದೆ. ಅವಳು ಚೀರಿದಳು. ನಾನು ಬಿಡಲಿಲ್ಲ. ಆಂಬುಲೆನ್ಸ್ ಬರುವಷ್ಟರಲ್ಲಿ ಕೆಮ್ಮು ತಗ್ಗಿತ್ತು.

ಆಸ್ಪತ್ರೆಯಲ್ಲಿ ಲೆಸ್ಯಾಗೆ ಎಲ್ಲವನ್ನೂ ಒಪ್ಪಿಕೊಂಡೆ. "ಯಾಕೆ ಸವರಿದೆ ಅಂತ ಆಮೇಲೆ ಕೇಳ್ತೀನಮ್ಮ. ಕಾಯದೆ ಚುಚ್ಚಿದೆಯಲ್ಲ, ಸದ್ಯ" ಅಂದಳು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ಸಂಜೆಯವರೆಗೆ ಇಟ್ಟುಕೊಂಡು ಮನೆಗೆ ಕಳಿಸಿದರು. ಡಾರ್ಕಾ ಹಟ ಹಿಡಿದು ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ರೊಟ್ಟಿ ಕೊಟ್ಟವಳೂ ನಾನೇ, ಚುಚ್ಚಿದವಳೂ ನಾನೇ, ಆದರೂ ನನ್ನ ಪಕ್ಕ! ಸಾಲಿಗೊಮ್ಮೆ ಬರೆಯುವುದು ನಿಲ್ಲಿಸಿ ಅವಳ ಉಸಿರಿಗೆ ಕಿವಿಗೊಡುತ್ತೇನೆ. ಈಗೊಮ್ಮೆ ಕೆಮ್ಮಿದಳು. ಬಗ್ಗಿ ತುಟಿ ಮುಟ್ಟಿ ನೋಡಿದೆ.

"ಅಜ್ಜಿ, ದೀಪ ಆರ್ಸು. ನಿದ್ದೆ ಬರ್ತಿದೆ" ಎಂದು ಗದರಿದಳು.

ಆರಿಸಬೇಕು. ಇನ್ನೊಂದು ಸಲ ಅವಳ ತುಟಿ ನೋಡಿ ಆರಿಸುತ್ತೇನೆ.