ಇಲ್ಲದ ಕಾಲಿನ ನಾಡಿ

ಮಾರ್ಚ್ 3, ಸಂಜೆ 5
ವಾರ್ಡಿನಲ್ಲಿ ಪರೀಕ್ಷಿಸಿದ ರೋಗಿಗಳ ಬಗ್ಗೆ ಬರೆಯುವ ಲಾಗ್‌ಬುಕ್ ಕೊಟ್ಟಾಯಿತು. ಅಬ್ಬಾ! ತಕ್ಕಡಿಯ ಕೈಗೇ ಕೊಟ್ಟೆ, ಅವಳೇ ಕ್ಲಾಸ್ ರೆಪ್. ನನ್ನ ರೂಮ್‌ಮೇಟ್. ಪ್ರತಿ ಮಾತನ್ನೂ ತೂಗಿ ಆಡುತ್ತಾಳೆಂದು ನಾನೇ ಇಟ್ಟ ಹೆಸರು.
ಕೊನೆಯ ಕೇಸ್ ಹನ್ನೊಂದನೇ ಬೆಡ್ಡಿನ ದರ್ಜಿ ತಾತ. ಸಕ್ಕರೆ ಕಾಯಿಲೆ, ಪಾದದಲ್ಲಿ ಗಾಯ. ಹೊದ್ದು ಮಲಗಿದ್ದರು. ಎಬ್ಬಿಸುವುದೇಕೆ... ಹಳೇ ಕೇಸೊಂದರಿಂದ ನಕಲು ಇಳಿಸಿದೆ. 'ಎರಡೂ ಪಾದಗಳಲ್ಲಿ ನಾಡಿ ಚೆನ್ನಾಗಿ ಸಿಗುತ್ತದೆ.' ಯಾರು ನೋಡುತ್ತಾರೆ?

ಮಾರ್ಚ್ 4
ತಕ್ಕಡಿ ಬಾಗಿಲು ಹಾಕಿ ಲಾಗ್‌ಬುಕ್ ತೆರೆದಳು.
"ಏನೇ ಇದು? ಆ ತಾತನಿಗೆ ಎಡಗಾಲೇ ಇಲ್ಲ ಕಣೇ. ಮೂರು ವರ್ಷದ ಹಿಂದೇನೇ ತೆಗೆದಿದ್ದಾರೆ."
ಕೊಡು, ತಿದ್ದುತ್ತೇನೆ ಎಂದೆ. ಕೊಡಲಿಲ್ಲ.
"ಮೋಸ ನೋಡಿದೋರು ಹೇಳ್ಲೇಬೇಕು ಅಂತ ಹಾನರ್ ಕೋಡ್‌ಗೆ ಇಬ್ರೂ ಸೈನ್ ಹಾಕಿದೀವಿ. ಗುರುವಾರದವರೆಗೂ ಟೈಮ್. ನೀನೇ ಹೋಗಿ ಪ್ರೊಫೆಸರ್ ಹತ್ರ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ."
ಮೂರು ವರ್ಷ ಒಂದೇ ರೂಮು, ಒಂದೇ ಬಕೆಟ್ಟು! ದೊಡ್ಡ ಸತ್ಯವಂತೆ ಬಂದಳು.

ಮಾರ್ಚ್ 8
ಹೋಗಲಿಲ್ಲ. ಬರೀ ಬೆದರಿಕೆ ಅಂದುಕೊಂಡಿದ್ದೆ. ನಿನ್ನೆ ತಕ್ಕಡಿ ಹೇಳಿಯೇಬಿಟ್ಟಳು. ಕಾಲೇಜಿನಿಂದ ತೆಗೆದರೆ? ಅಮ್ಮನಿಗೆ ಫೋನ್ ಮಾಡಿ ಅತ್ತೆ. ಎಲ್ಲ ಕೇಳಿ, "ಬರ್ದಿದ್ದು ಯಾರು, ನೀನೋ ಅವಳೋ?" ಎಂದಳು. ಫೋನ್ ಇಟ್ಟುಬಿಟ್ಟೆ.

ಮಾರ್ಚ್ 15
ಕಾಲೇಜಿನ ಶಿಸ್ತು ಸಮಿತಿ ಕರೆದಿತ್ತು. ತೆಗೆಯಲಿಲ್ಲ. ವಾರ್ಡ್ ಪೋಸ್ಟಿಂಗ್ ಮತ್ತೆ ಮೊದಲಿಂದ, ರಜೆ ಖೋತಾ. ತಕ್ಕಡಿ ಒಳಗೆ ಹೋಗಿ, ಇವಳಿಗೆ ಇನ್ನೊಂದು ಅವಕಾಶ ಕೊಡಿ ಎಂದು ಕೇಳಿಕೊಂಡಳಂತೆ. ಆಫೀಸಿನ ಗುಮಾಸ್ತರು ಹೇಳಿದರು. ಆದರೂ ರೂಮ್ ಬದಲಾಯಿಸಿದೆ. ಬಕೆಟ್ಟನ್ನೂ ಹೊತ್ತು ತಂದೆ. ನನ್ನ ಹಾಳು ಜಂಬ.

ಮಾರ್ಚ್ 17
ದರ್ಜಿ ತಾತನ ಕ್ಷಮೆ ಕೇಳಿದೆ.
"ಇಲ್ದಿರೋ ಕಾಲಲ್ಲೂ ನಾಡಿ ಸಿಕ್ತಾ ಡಾಕ್ಟ್ರಮ್ಮ? ಅಯ್ಯೋ, ಆ ಕಾಲಿನ ಚಪ್ಪಲಿ ಎಸೆದುಬಿಟ್ನಲ್ಲ!"
ವಾರ್ಡೆಲ್ಲ ನಕ್ಕಿತು. ಆಮೇಲೆ ಬಲಗಾಲು ಚಾಚಿದರು. "ತಗೊಳಮ್ಮ, ದಿನಾ ಬಂದು ಹಿಡಿದು ಕಲಿ. ಮೆಷಿನ್ ತುಳಿಯೋಕೆ ನಂಗಿರೋದು ಇದೊಂದೇ."
ಹತ್ತು ನಿಮಿಷ ಹುಡುಕಿದೆ. ಸಿಕ್ಕಿತು!

ಮಾರ್ಚ್ 22, ಬೆಳಿಗ್ಗೆ 11
ಇವತ್ತು ತಾತನ ನಾಡಿ ಸಿಗಲಿಲ್ಲ. ಪಾದ ತಣ್ಣಗಿತ್ತು. ಐದು ದಿನದಿಂದ 'ಸಿಗುತ್ತದೆ' ಎಂದು ಬರೆದವಳು ನಾನೇ. 'ಸಿಗಲಿಲ್ಲ' ಎಂದು ಬರೆದು ವಾರ್ಡಿನ ಡ್ಯೂಟಿ ಡಾಕ್ಟರ್ ಪಿ.ಜಿ. ಸರ್ ಹತ್ತಿರ ಓಡಿದೆ.
"ನಿಂಗೆ ಹಿಡಿಯೋಕೆ ಬಂದಿರಲ್ಲ, ಬಿಡಮ್ಮ."
"ನಿನ್ನೇನೂ ಸಿಕ್ತು ಸರ್. ದಯವಿಟ್ಟು ಬನ್ನಿ."
ಬಂದರು. ಮುಟ್ಟಿದರು. ಮುಖ ಬದಲಾಯಿತು. ಅರ್ಧ ಗಂಟೆಯಲ್ಲಿ ತಾತ ಆಪರೇಷನ್ ಥಿಯೇಟರಿನಲ್ಲಿ.

ಸಂಜೆ 6
ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತ ತೆಗೆದರು. ಕಾಲು ಉಳಿಯಿತು! ನಾನೇ ನಾಡಿ ಹಿಡಿದು ನೋಡಿ ಬಂದೆ. ತಿಂಗಳ ಮೊದಲ ವಾರದ ನಾನಾಗಿದ್ದರೆ 'ಚೆನ್ನಾಗಿ ಸಿಗುತ್ತದೆ' ಎಂದು ಇಳಿಸಿ ಕ್ಯಾಂಟೀನಿಗೆ ಹೋಗಿರುತ್ತಿದ್ದೆ.
ತಾತನ ಹೆಂಡತಿ ಕೈ ಹಿಡಿದುಕೊಂಡು, "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ" ಎಂದರು. ಆ ಮಾತು ಸೇರಬೇಕಾದ್ದು ಬೇರೆಯವಳಿಗೆ. ಎಷ್ಟು ಬೈದಿದ್ದೇನೆ ಅವಳನ್ನು, ಇದೇ ಪುಸ್ತಕದಲ್ಲಿ...
ತಕ್ಕಡಿಯ ರೂಮಿನ ಕಿಟಕಿ ತೆರೆದಿದೆ. ಬಕೆಟ್ ಹಿಡಿದು ಹೊರಟಿದ್ದೇನೆ. ಹೋದ ಕೂಡಲೇ ಹೇಳಬೇಕು — ಅವತ್ತು ನೀನು ಸುಮ್ಮನಿದ್ದಿದ್ದರೆ ಇವತ್ತು ತಾತನಿಗೆ ಈ ಕಾಲೂ ಇರುತ್ತಿರಲಿಲ್ಲ ಕಣೇ.