ಬಂಡೆಯಿಂದ ಹಿಂತಿರುಗುವ ಹೊತ್ತು

4ನೇ ತಾರೀಕು, ಬೆಳಗ್ಗೆ 5

ಮತ್ತೆ ಅದೇ ಕನಸು. ಬೋರ್ಡಿನ ಮೇಲೆ ಬರೆಯುತ್ತೇನೆ, ಸೀಮೆಸುಣ್ಣ ಹತ್ತುವುದೇ ಇಲ್ಲ. ಜನ ಮಾತ್ರ ಬಂಡೆಯ ಕಡೆ ನಡೆಯುತ್ತಲೇ ಇದ್ದಾರೆ. ಕುತ್ತಿಗೆಮಟ್ಟ ನೀರು. ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಾರೆ.

ಎದ್ದು ಉಬ್ಬರ-ಇಳಿತದ ಪುಸ್ತಕ ತೆಗೆದೆ. ಇವತ್ತಿನ ಸಾಲಿಗೆ ಅಡಿಪಟ್ಟಿ ಇಟ್ಟೆ. ದೀಪಸ್ತಂಭದ ಬಂಡೆಗೆ ಮರಳದಾರಿ ತೆರೆಯುವುದು 7.40. ನೀರೇರುವ ಮೊದಲು ಹಿಂತಿರುಗಬೇಕಾದ್ದು 11.20. ಮೆಟ್ಟಿಲ ಹತ್ತಿರದ ಬೋರ್ಡಿನಲ್ಲಿ ಪ್ರವಾಸಿಗಳಿಗೆ ಬರೆದಿಡಬೇಕಾದ್ದು ಇದನ್ನೇ. ಮೂರು ಸಲ ನೋಡಿದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಂಕಿ ಕಂಡರೆ ಇವತ್ತಿಗೂ ಪುಕಪುಕ... ಇನ್ನೊಂದು ಸಲ ನೋಡಿಕೊಂಡೇ ಹೊರಡುವುದು.

4, ಸಂಜೆ

ಮಾನ ಹೋಯಿತು. ಬೋರ್ಡಿನಲ್ಲಿ 12.10 ಇತ್ತು. ಒಂಬತ್ತು ಜನ ಬಂಡೆಯ ಮೇಲೆ ಸಿಕ್ಕಿಬಿದ್ದರು. ನಾನು ಬರೆದಿಟ್ಟು, ಆಚೆ ತುದಿಯಲ್ಲಿ ಗಾಡಿ ನಿಲ್ಲಿಸುವಲ್ಲಿ ಟಿಕೆಟ್ ಹರಿಯುತ್ತಿದ್ದೆ — ಗೊತ್ತೇ ಆಗಲಿಲ್ಲ. ನನ್ನ ತಮ್ಮ ತನ್ನ ದೋಣಿ ಒಯ್ದು ಎಲ್ಲರನ್ನೂ ಕರೆತಂದ. ಕೇಳಿದಷ್ಟು ಬಾಡಿಗೆ ಕೊಟ್ಟು, ಮೇಲೆ ಕೈಯನ್ನೂ ಮುಗಿದರಂತೆ.

ಅವನೇ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿದ. "ಕೆಳಗಿನ ಸಾಲು ಬರ್ದಿದೀಯಕ್ಕಾ. ಇದು ನಾಳೇದು."

ಹೌದು, ಐದನೇ ತಾರೀಕಿಗೆ 12.10. ಅಡಿಪಟ್ಟಿ ಜಾರಿತೋ ಏನೋ. ಕಡಲತೀರ ನೋಡಿಕೊಳ್ಳುವ ಆಫೀಸಿನ ಸಾಹೇಬರು ಬೈದದ್ದು ಬೈದರು. ತಮ್ಮ ಅಡ್ಡ ನಿಂತು ಬಿಡಿಸಿದ.

9

ತಮ್ಮ ಕನ್ನಡಕ ತಂದುಕೊಟ್ಟ. ತಾನೇ ನನ್ನ ಕಿವಿಗೆ ಸಿಕ್ಕಿಸಿ, ಹೆಡ್‌ಮೇಷ್ಟ್ರ ಹಾಗೆ ಕಾಣ್ತೀಯ ಅಂದ. ನಕ್ಕೆ. ಎಷ್ಟು ದಿನವಾಗಿತ್ತು ನಕ್ಕು.

ಈಗ ಸಂಜೆ ಸಂಜೆ ಮರುದಿನದ ಸಾಲು ಅವನ ಮುಂದೆ ಓದುತ್ತೇನೆ. ಅವನು ಸರಿ ಅಂದರೆ ನಿದ್ದೆ. ಅಮ್ಮ ಹೋದಾಗ ಮೂರು ವರ್ಷದವನು, ನನ್ನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ.

19

ಮತ್ತೆ ಆಯಿತು. 11.30 ಬರೆದದ್ದು ಕೈಗೆ ನೆನಪಿದೆ. ಬೋರ್ಡಿನಲ್ಲಿ 12.20. ಮತ್ತೆ ಮರುದಿನದ ಹೊತ್ತೇ. ಈ ಸಲ ಒಬ್ಬ ತಾಯಿ, ದೋಣಿ ಬರುವತನಕ ಕಾಯದೆ, ಮಗು ಎತ್ತಿಕೊಂಡು ನೀರಿಗಿಳಿದಳು. ಅಲೆ ಕೆಡವಿತು. ಇಬ್ಬರೂ ಉಳಿದರು, ಮಗು ಆಸ್ಪತ್ರೆಯಲ್ಲಿ.

ನನಗೇನಾದರೂ ತಲೆ ಕೆಟ್ಟಿದೆಯೇ?

ಬೋರ್ಡು ಮುಟ್ಟಬೇಡ ಅಂದರು ಸಾಹೇಬರು. 23ಕ್ಕೆ ಆಫೀಸಿಗೆ ಹೋಗಬೇಕು. ತಪ್ಪೊಪ್ಪಿಗೆಯ ಪತ್ರ ತಾನೇ ಬರೆದುಕೊಡುತ್ತೇನೆ ಅಂದಿದ್ದಾನೆ ತಮ್ಮ.

21

ಮೆಟ್ಟಿಲ ಹತ್ತಿರ ಪ್ರವಾಸಿಗಳ ಫೋಟೋ ತೆಗೆಯುವವಳು ಮನೆಗೇ ಬಂದಳು. ಹತ್ತೊಂಬತ್ತನೇ ತಾರೀಕಿನ ಎರಡು ಫೋಟೋ ಮುಂದಿಟ್ಟಳು. ಎರಡರಲ್ಲೂ ಹಿಂದೆ ನನ್ನ ಬೋರ್ಡು. ಮೂಲೆಯಲ್ಲಿ ತೆಗೆದ ಹೊತ್ತು ಅಚ್ಚಾಗಿದೆ. 8.30ರದರಲ್ಲಿ 11.30. ಹತ್ತು ಗಂಟೆಯದರಲ್ಲಿ 12.20.

"ನಿಮ್ಮ ಬೋರ್ಡಿಗೇನು ಬಾಯಿ ಎರಡಾ ಅಮ್ಮಾ?" ಅಂದಳು. ಆಮೇಲೆ ನಗಲಿಲ್ಲ. ಎರಡನೆಯದರ ಅಂಚಿಗೆ ಉಗುರಿಟ್ಟಳು.

ತಮ್ಮ. ಕೈಯಲ್ಲಿ ಒದ್ದೆ ಬಟ್ಟೆ.

22

ಕೇಳಿದೆ. ದೋಣಿಯ ನೀರು ಎತ್ತಿಹಾಕುತ್ತಿದ್ದ, ನಿಲ್ಲಿಸಲೂ ಇಲ್ಲ. ಯಾರೂ ಸತ್ತಿಲ್ಲವಲ್ಲ, ನಾನೇ ಹೋಗಿ ಕರೆತಂದೆನಲ್ಲ ಅಂದ. ಆ ಮಗು, ಅಂದೆ. ಇನ್ನೊಂದು ಬೋಗುಣಿ ನೀರು ಹೊರಗೆ ಚೆಲ್ಲಿದ.

ಆಮೇಲೆ ಮೆಲ್ಲಗೆ, ನನಗೆ ಬುದ್ಧಿ ಹೇಳುವವನ ಹಾಗೆ — "ನೀನು ಓದಿದವಳಲ್ಲಕ್ಕಾ. ನಿನ್ ತಪ್ಪು ಅಂದ್ರೆ ಜನ ಪಾಪ ಅಂತಾರೆ, ಬಿಡ್ತಾರೆ. ನಂದು ಅಂದ್ರೆ ದೋಣಿ ಲೈಸೆನ್ಸೇ ಹೋಗುತ್ತೆ."

ದೋಣಿ ಬಾಡಿಗೆಗಾಗಿ ಅಳಿಸಿ ಬರೆಯುವಾಗಲೂ ಮರುದಿನದ ಸಾಲನ್ನೇ ಆರಿಸಿದ್ದ. ನನ್ನ ತಪ್ಪು ಹೇಗಿರುತ್ತದೆ ಅಂತ ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಇಷ್ಟು ದಿನ ನನ್ನ ತಲೆಯನ್ನೇ ನಾನು ನಂಬಲಿಲ್ಲ. ಅದನ್ನು ನೋಡುತ್ತಾ ಎದುರಿಗೇ ಕೂತು ಊಟ ಮಾಡಿದ.

23, ಮಧ್ಯಾಹ್ನ

ಆಫೀಸಿನಲ್ಲಿ ತಮ್ಮ ಪಕ್ಕದಲ್ಲೇ ಕೂತ. ಪತ್ರ ಅವನ ಅಕ್ಷರದಲ್ಲಿ, ಮಾತು ನನ್ನದು — ಓದು ಕಡಿಮೆ, ಕಣ್ಣು ಮಂಜು, ತಪ್ಪಾಯಿತು, ಕ್ಷಮಿಸಿ. ಸಾಹೇಬರು ಪೆನ್ನು ಕೊಟ್ಟರು. ತೆಗೆದುಕೊಂಡೆ.

ಪೆನ್ನು ಕೆಳಗಿಟ್ಟೆ. ಎರಡು ಫೋಟೋ ಪತ್ರದ ಮೇಲಿಟ್ಟೆ. "ಅಕ್ಕಾ," ಅಂದ, ಚಿಕ್ಕಂದಿನ ದನಿಯಲ್ಲಿ. ಆ ಕಡೆ ತಿರುಗಲಿಲ್ಲ.

ಸಾಹೇಬರು ಒಮ್ಮೆ ನೋಡಿ ಪಕ್ಕಕ್ಕೆ ಸರಿಸಿದರು. ಎರಡರಲ್ಲೂ ಬೋರ್ಡೇ ಇದೆಯಲ್ಲಮ್ಮ, ಇದರಲ್ಲೇನು ಅಂದರು.

ಫೋಟೋ ಮತ್ತೆ ಅವರ ಮುಂದಕ್ಕೆ ತಳ್ಳಿ, ಮೂಲೆಯ ಹೊತ್ತಿನ ಮೇಲೆ ಬೆರಳಿಟ್ಟೆ. ಅಂದದ್ದು ಇಷ್ಟೇ —

"ಸಾರ್, ಎಂಟೂವರೆಗೆ ಬೋರ್ಡಿನಲ್ಲಿ ಏನಿತ್ತು... ಇನ್ನೊಂದ್ ಸಲ ನೋಡಿ."